ಆಯಿಲ್ ತುಂಬಿತ್ತು, ಎಂಜಿನ್ ಸೀಜ್ ಆಗಿತ್ತು: ಒಂದು ಗ್ಯಾರೇಜ್ ತಕರಾರಿನ ಪ್ರಕರಣ

ನಾನು ಹುಬ್ಬಳ್ಳಿಯಲ್ಲಿ ವಾಹನ ವಿಮೆಯ ಸರ್ವೇಯರ್. ಪೆಟ್ಟು ತಿಂದ ಗಾಡಿಗಳನ್ನು ನೋಡಿ, ಯಾವ ಹಾನಿ ಯಾವುದರಿಂದ ಆಯಿತು, ರಿಪೇರಿಗೆ ಎಷ್ಟು ಹಿಡಿಯುತ್ತದೆ ಎಂದು ಬರೆದುಕೊಡುವುದು ನನ್ನ ದಿನದ ಕೆಲಸ. ಈ ಪ್ರಕರಣದಲ್ಲಿ ವಿಮಾ ಕಂಪನಿ ನನ್ನನ್ನು ಕಳಿಸಿರಲಿಲ್ಲ. ಗಾಡಿ ಮಾಲೀಕ ಮತ್ತು ಗ್ಯಾರೇಜಿನ ಮೇಸ್ತ್ರಿ ಇಬ್ಬರೂ ಒಪ್ಪಿ ಕರೆದರು, ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗಾಡಿಯ ಕಂಪನಿ, ಗ್ಯಾರೇಜ್ ಇರುವ ಓಣಿ ಇವನ್ನೆಲ್ಲ ಬಿಟ್ಟಿದ್ದೇನೆ.

ರಿಪೇರಿ ಆದ ವಾರದಲ್ಲೇ ಎಂಜಿನ್ ಹೋಯಿತು ಎಂಬ ಜಗಳ ನಮ್ಮ ಕಡೆ ಹೊಸದಲ್ಲ. ನಾನು ಕಂಡಂತೆ ಇಂಥ ಜಗಳಗಳು ಕೆಡುವುದು ಗಾಡಿ ನಿಂತ ಮೊದಲ ಒಂದೆರಡು ದಿನದಲ್ಲಿ. ಸಿಟ್ಟಿನಲ್ಲೋ ಅವಸರದಲ್ಲೋ ಯಾರೋ ಒಬ್ಬರು ಎಂಜಿನ್ ಬಿಚ್ಚುತ್ತಾರೆ, ಡೀಸೆಲ್‌ನಲ್ಲಿ ತೊಳೆಯುತ್ತಾರೆ. ಅಲ್ಲಿಗೆ ಸಾಕ್ಷಿಯೂ ತೊಳೆದು ಹೋಗುತ್ತದೆ. ಈ ಪ್ರಕರಣದಲ್ಲೂ ಅದು ಆಗುವುದರಲ್ಲಿತ್ತು, ಆಗಲಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನಿಸಿತು.

ಹಿನ್ನೆಲೆ

ಮಾಲೀಕನಿಗೆ ಒಂದೇ ಗಾಡಿ. 7 ವರ್ಷ ಹಳೆಯದಾದ, ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್. ಓಡಿದ್ದು 1,87,000 ಕಿ.ಮೀ. ಅಮರಗೋಳದ ಎಪಿಎಂಸಿಯಿಂದ ಉಳ್ಳಾಗಡ್ಡಿ, ಆಲೂಗಡ್ಡೆ ತುಂಬಿಕೊಂಡು ಧಾರವಾಡ, ಬೆಳಗಾವಿಗೆ ಹೊಡೆಯುವುದು ಅವನ ದಂಧೆ. ಹಗಲು ತಾನೇ ಓಡಿಸುತ್ತಾನೆ, ರಾತ್ರಿಯ ಟ್ರಿಪ್ ಇದ್ದರೆ ಅಕ್ಕನ ಮಗ ಓಡಿಸುತ್ತಾನೆ.

ದೀಪಾವಳಿಗೆ ಮೊದಲು ಗಾಡಿಯ ಕೆಳಗೆ ಆಯಿಲ್ ತೊಟ್ಟಿಕ್ಕಲು ಶುರುವಾಯಿತು. ಹತ್ತು ವರ್ಷದಿಂದ ಹೋಗುವ ಗ್ಯಾರೇಜಿಗೇ ಒಯ್ದ. ಮೇಸ್ತ್ರಿ ನೋಡಿ, ಚೇಂಬರಿನ ಪ್ಯಾಕಿಂಗ್ ಹೋಗಿದೆ ಎಂದ. ಪ್ಯಾಕಿಂಗ್ ಅಂದರೆ ಸೋರಿಕೆ ತಡೆಯುವ ಪಟ್ಟಿ, ಚೇಂಬರ್ ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಟ್ರೇ. ಅದನ್ನು ಇಳಿಸಿ, ಹಳೆಯ ಪ್ಯಾಕಿಂಗ್ ಕೆರೆದು, ಹೊಸ ಪ್ಯಾಕಿಂಗಿಗೆ ಸಿಲಿಕಾನ್ ಪೇಸ್ಟ್ ಹಚ್ಚಿ ಕೂರಿಸಿದರು. ಹೊಸ ಆಯಿಲ್, ಹೊಸ ಫಿಲ್ಟರ್. ಒಟ್ಟು ₹6,800, ಫೋನ್‌ಪೇಯಲ್ಲಿ ಕೊಟ್ಟ. ಬಿಲ್ ಇಲ್ಲ, ಒಂದು ಕಚ್ಚಾ ಚೀಟಿ ಅಷ್ಟೆ. ಅದರ ಮೇಲೆ ತಾರೀಖೂ ಇರಲಿಲ್ಲ, ಕಿ.ಮೀ. ಕೂಡ ಬರೆದಿರಲಿಲ್ಲ.

ಮುಂದೆ ಲೆಕ್ಕಕ್ಕೆ ಬಂದ ಒಂದು ಸಂಗತಿ ಇಲ್ಲಿದೆ. ಗಾಡಿ ಮಧ್ಯಾಹ್ನ 2ಕ್ಕೆ ಗ್ಯಾರೇಜಿಗೆ ಹೋಗಿತ್ತು, ಸಂಜೆ 6ಕ್ಕೆ ಬೇಕೇ ಬೇಕು ಎಂದು ಮಾಲೀಕ ಕುತ್ತಿಗೆಯ ಮೇಲೆ ಕೂತಿದ್ದ. ರಾತ್ರಿ ಲೋಡ್ ಇತ್ತು. ಮೇಸ್ತ್ರಿ ಇನ್ನೊಂದು ಗಾಡಿಯ ಕ್ಲಚ್ ಕೆಲಸದಲ್ಲಿದ್ದ, ಪೇಸ್ಟ್ ಹಚ್ಚಿ ಚೇಂಬರ್ ಕೂರಿಸಿದ್ದು ಕೆಲಸ ಕಲಿಯುತ್ತಿದ್ದ ಹುಡುಗ. ಸಿಲಿಕಾನ್ ಪೇಸ್ಟ್ ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ ಒಂದು ದಿನ ಹಿಡಿಯುತ್ತದೆ. ಇಲ್ಲಿ ಸಿಕ್ಕಿದ್ದು ಎರಡು ತಾಸು.

ಕಿತ್ತೂರಿನಲ್ಲಿ ಹತ್ತಿದ ಕೆಂಪು ಲೈಟು

ಒಂಬತ್ತು ದಿನ ಗಾಡಿ ಚೆನ್ನಾಗಿಯೇ ಓಡಿತು. ಹತ್ತನೆಯ ದಿನ ನಸುಕಿನಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಅಳಿಯ ಬೆಳಗಾವಿಗೆ ಹೊರಟ. ನರೇಂದ್ರ ದಾಟಿ ಕಿತ್ತೂರು ಹತ್ತಿರ ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟು ಮಿಣುಕತೊಡಗಿತು. ಅವನು ಚಹಾದ ಅಂಗಡಿ ಹತ್ತಿರ ನಿಲ್ಲಿಸಿ, ಎಂಜಿನ್ ಆರಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿದ. ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ಮೊಬೈಲಿನ ಟಾರ್ಚ್ ಹಿಡಿದು ಅದರ ಫೋಟೋ ತೆಗೆದು 5:51ಕ್ಕೆ ಮೇಸ್ತ್ರಿಯ ವಾಟ್ಸಾಪಿಗೆ ಕಳಿಸಿದ, 5:53ಕ್ಕೆ ಫೋನ್ ಹಚ್ಚಿದ. ಮಾತಾಡಿದ್ದು ಎರಡು ನಿಮಿಷ. ಮತ್ತೆ ಗಾಡಿ ಎತ್ತಿದ.

ಎಂ.ಕೆ. ಹುಬ್ಬಳ್ಳಿ ಸಮೀಪಿಸುವಾಗ ಕೆಳಗಿನಿಂದ ಕಟಕಟ ಸದ್ದು ಶುರುವಾಯಿತು. ಬದಿಗೆ ತಗೊಳ್ಳುವಷ್ಟರಲ್ಲಿ ಒಮ್ಮೆ ಜೋರಾಗಿ ಹೊಡೆದಂತಾಗಿ ಎಂಜಿನ್ ನಿಂತಿತು. ಮತ್ತೆ ಸೆಲ್ಫ್ ಹೊಡೆದರೆ ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟ್, ತಿರುಗಲೇ ಇಲ್ಲ. ಎಂಜಿನ್ ಒಳಗೇ ಕಚ್ಚಿಕೊಂಡು ಸೀಜ್ ಆಗಿತ್ತು.

ಉಳ್ಳಾಗಡ್ಡಿಯನ್ನು ಬೇರೆ ಗಾಡಿಗೆ ಹೇರಿ ಕಳಿಸಲು ₹4,200, ಪಿಕಪ್ ಎಳೆದು ತರಲು ₹5,500. ಮಾಲೀಕ ಮೊದಲು ಕೇಳಿದ್ದು ವಿಮಾ ಏಜೆಂಟನನ್ನು. ಅಪಘಾತವಾಗದೆ ಯಂತ್ರ ತಾನಾಗಿ ಕೆಟ್ಟರೆ ಸಾಮಾನ್ಯ ವಾಹನ ಪಾಲಿಸಿಯಲ್ಲಿ ಪರಿಹಾರ ಇಲ್ಲ, ಅದನ್ನು ಪಾಲಿಸಿಯಲ್ಲೇ ಹೊರಗಿಟ್ಟಿರುತ್ತಾರೆ. ಆ ಬಾಗಿಲು ಒಂದೇ ಫೋನಿನಲ್ಲಿ ಮುಚ್ಚಿತು. ಉಳಿದದ್ದು ಗ್ಯಾರೇಜು.

ಎರಡು ವಾದ, ಎರಡೂ ನಿಲ್ಲುವಂಥದ್ದಲ್ಲ

ಮರುದಿನ ಮಾಲೀಕ ನನಗೆ ಫೋನ್ ಮಾಡಿದಾಗ ಅವನ ದನಿ ನಡುಗುತ್ತಿತ್ತು. "ಸರ್ರ, ಮೊನ್ನೆ ಚೇಂಬರ್ ಬಿಚ್ಚಿ ಹಾಕ್ಯಾರ್ರಿ, ಇವತ್ತ ಎಂಜಿನ್ ಹೋತು. ಇನ್ನೇನ್ ಸಾಕ್ಷಿ ಬೇಕ್ರಿ? ಆಯಿಲ್ ಎಲ್ಲಾ ಸೋರಿ ಹೋಗೈತಿ, ಬೋಲ್ಟ್ ಸರಿ ಬಿಗಿದಿಲ್ಲ."

ಮೇಸ್ತ್ರಿಯ ಮಾತು ಇದಕ್ಕೆ ಉಲ್ಟಾ. "ಆಯಿಲ್ ಫುಲ್ ಐತ್ರಿ, ಫೋಟೋನ ಐತಿ ನನ್ನ ಮೊಬೈಲ್‌ನ್ಯಾಗ. ಆಯಿಲ್ ಇದ್ದ ಎಂಜಿನ್ ನನ್ನ ಕೆಲಸದಿಂದ ಹ್ಯಾಂಗ ಸೀಜ್ ಆಗತೈತಿ? ಎರಡ ಲಕ್ಷ ಕಿಲೋಮೀಟರ್ ಓಡಿದ ಎಂಜಿನ್ರಿ ಅದು. ಬೇರಿಂಗ್ ತಿಂದಿತ್ತು, ಹೋತು."

ಮಾಲೀಕನ ವಾದದಲ್ಲಿ ಒಂದು ದೊಡ್ಡ ಹಳ್ಳ ಇತ್ತು: ಆಯಿಲ್ ಸೋರಿರಲಿಲ್ಲ. ಅವನ ಅಳಿಯನೇ ತೆಗೆದ ಫೋಟೋ ಅದನ್ನು ಹೇಳುತ್ತಿತ್ತು. ಆದರೂ ಅವನು ಆ ಹೊತ್ತಿಗೆ ಒಬ್ಬ ವಕೀಲರ ಹತ್ತಿರ ಹೋಗಿ, "ಬೋಲ್ಟ್ ಸಡಿಲ ಬಿಟ್ಟು ಆಯಿಲ್ ಸೋರಿಸಿ ಎಂಜಿನ್ ಹಾಳು ಮಾಡಿದ್ದಾರೆ" ಎಂದು ನೋಟಿಸು ಬರೆಸಿಯಾಗಿತ್ತು. ಪೋಸ್ಟಿಗೆ ಹಾಕುವುದು ಬಾಕಿ. ಅದು ಹೋಗಿದ್ದರೆ, ಒಂದು ಫೋಟೋ ತೋರಿಸಿ ಗ್ಯಾರೇಜಿನವರು ಇಡೀ ದೂರನ್ನು ಸುಳ್ಳು ಎಂದು ತಳ್ಳಿಹಾಕುತ್ತಿದ್ದರು, ಆಮೇಲೆ ಸಿಕ್ಕ ನಿಜವಾದ ಕಾರಣವನ್ನು ಯಾರೂ ನಂಬುತ್ತಿರಲಿಲ್ಲ. ಕಾರಣ ಗೊತ್ತಾಗುವ ತನಕ ನೋಟಿಸು ತಡೆಯಿರಿ ಎಂದೆ. ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾನೂನು ಅವಕಾಶ ಕೊಟ್ಟಿದೆ, ಎರಡು ವಾರ ತಡೆದರೆ ಏನೂ ಹೋಗುವುದಿಲ್ಲ ಎಂದು ಹೇಳಿದಾಗ ಒಪ್ಪಿದ.

ಮೇಸ್ತ್ರಿಯ ವಾದದ ಹಳ್ಳ ಬೇರೆ. ಡಿಪ್‌ಸ್ಟಿಕ್ ತೋರಿಸುವುದು ಚೇಂಬರಿನಲ್ಲಿ ಆಯಿಲ್ ಎಷ್ಟಿದೆ ಎಂದು. ಕೆಂಪು ಲೈಟು ಹೇಳುವುದು ಆಯಿಲ್ ಒತ್ತಡದಿಂದ ಮೇಲೆ ಹೋಗುತ್ತಿದೆಯೋ ಇಲ್ಲವೋ ಎಂದು. ನಮ್ಮ ರೈತರಿಗೆ ಇದು ತಕ್ಷಣ ತಿಳಿಯುತ್ತದೆ. ಬಾವಿ ತುಂಬ ನೀರಿದ್ದರೂ ಫುಟ್‌ವಾಲ್ವಿಗೆ ಕಸ ಕಟ್ಟಿದರೆ ಮೋಟರ್ ನೀರೆತ್ತುವುದಿಲ್ಲ. ಎಂಜಿನ್ನಿನಲ್ಲೂ ಚೇಂಬರಿನ ತಳದಲ್ಲಿ ಒಂದು ಜಾಲರಿ ಇರುತ್ತದೆ, ಆಯಿಲ್ ಪಂಪ್ ಅದರ ಮೂಲಕ ಎಳೆದುಕೊಳ್ಳುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಆಯಿಲ್ಲಿನ ತೆಳು ಪದರ ಇರುವ ತನಕ ಲೋಹಕ್ಕೆ ಲೋಹ ತಾಗುವುದಿಲ್ಲ. ಪದರ ಹರಿದರೆ ಬೇರಿಂಗ್ ಕಾದು ಕ್ರ್ಯಾಂಕಿಗೆ ಕಚ್ಚಿಕೊಳ್ಳುತ್ತದೆ.

ಅಳಿಯನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: ಲೈಟು ಯಾವಾಗ ಹತ್ತುತ್ತಿತ್ತು, ಯಾವಾಗ ಆರುತ್ತಿತ್ತು? "ಜೋರ್ ಹೊಡೆದ್ರ ಹತ್ತತಿತ್ರಿ, ಸ್ಲೋ ಮಾಡಿದ್ರ ಆರತಿತ್ತು. ಚಹಾದಂಗಡಿ ಮುಂದ ನಿಂತಾಗ ಲೈಟ್ ಇರಲೇ ಇಲ್ಲ." ಹುಡುಗನಿಗೆ ಅದರ ಬೆಲೆ ಗೊತ್ತಿರಲಿಲ್ಲ, ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಬೇರಿಂಗ್ ಸವೆದ ಹಳೆಯ ಎಂಜಿನ್ನಿನಲ್ಲಿ ಲೈಟು ಹತ್ತುವುದು ಕಾದ ಎಂಜಿನ್ ನಿಂತಲ್ಲೇ ಸಣ್ಣಗೆ ಓಡುವಾಗ. ರೇಸ್ ಕೊಟ್ಟರೆ ಪಂಪ್ ಜೋರಾಗಿ ತಿರುಗಿ ಒತ್ತಡ ಏರಿ ಲೈಟು ಆರುತ್ತದೆ. ಇಲ್ಲಿ ಉಲ್ಟಾ ಆಗಿತ್ತು. ಪಂಪ್ ಹೆಚ್ಚು ಕೇಳಿದಾಗಲೇ ಸಿಗುತ್ತಿರಲಿಲ್ಲ. ಎಳೆಯುವ ಬಾಯಿಗೇ ಏನೋ ಅಡ್ಡ ಬಂದಿರುವ ಲಕ್ಷಣ ಅದು. ಆದರೆ ಲಕ್ಷಣ ಸಾಕ್ಷಿಯಾಗುವುದಿಲ್ಲ, ಚೇಂಬರ್ ಇಳಿಸಿ ನೋಡಬೇಕಿತ್ತು.

ಬಿಚ್ಚುವ ಮೊದಲು

ಗಾಡಿ ಆಗ ಮಾಲೀಕನ ಮನೆ ಮುಂದೆ ಇತ್ತು. ಮೇಸ್ತ್ರಿ ಹಿಂದಿನ ಸಂಜೆಯೇ ಹೇಳಿ ಕಳಿಸಿದ್ದ: "ಇಲ್ಲೇ ತಂದು ಹಾಕ್ರಿ, ಬಿಚ್ಚಿ ನೋಡ್ತೀನಿ, ಏನಾಗೇತಿ ಹೇಳ್ತೀನಿ." ಅದರಲ್ಲಿ ಕೆಟ್ಟ ಉದ್ದೇಶ ಇತ್ತು ಎಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಅವನು ಒಬ್ಬನೇ ಬಿಚ್ಚಿ "ಏನೂ ಇರಲಿಲ್ಲ" ಎಂದರೆ ಮಾಲೀಕ ಸಾಯುವ ತನಕ ನಂಬುವುದಿಲ್ಲ. ಮಾಲೀಕ ಬೇರೆ ಕಡೆ ಬಿಚ್ಚಿಸಿ "ಹಿಂಗಿತ್ತು" ಎಂದರೆ ನೀನೇ ಹಾಕಿದ್ದು ಎನ್ನುವ ಮಾತು ಬರುತ್ತದೆ. ನಾನು ಇಬ್ಬರಿಗೂ ಒಂದೇ ಮಾತು ಹೇಳಿದೆ: ಮೂರನೆಯವರ ಜಾಗ, ಎಲ್ಲರ ಎದುರು, ವಿಡಿಯೋ ಹಿಡಿದು. ಪ್ರಕರಣದ ಅತಿ ಮುಖ್ಯ ತೀರ್ಮಾನ ಇದೇ.

ಮೇಸ್ತ್ರಿ ಒಪ್ಪಲು ಎರಡು ದಿನ ಹಿಡಿಯಿತು. ನನ್ನ ಮೇಲೆ ನಂಬಿಕೆ ಇಲ್ಲವೇ ಎಂಬ ನೋವು ಅವನದು, ಅದು ನಿಜವಾದ ನೋವೇ. ಹತ್ತು ವರ್ಷದ ಗಿರಾಕಿ ಬೇರೆ ಗ್ಯಾರೇಜಿನಲ್ಲಿ ತನ್ನ ಕೆಲಸ ಬಿಚ್ಚಿಸಿ ನೋಡುತ್ತಾನೆ ಎಂದರೆ ಯಾವ ಮೇಸ್ತ್ರಿಗೂ ಚುಚ್ಚುತ್ತದೆ. ನನ್ನ ಫೀ ₹3,000ವನ್ನು ಇಬ್ಬರೂ ಅರ್ಧರ್ಧ ಕೊಡಬೇಕು ಎಂದು ಷರತ್ತು ಹಾಕಿದೆ. ದುಡ್ಡಿಗಾಗಿ ಅಲ್ಲ. ಒಬ್ಬರೇ ಕೊಟ್ಟರೆ ನಾನು ಅವರ ಮನುಷ್ಯ ಎಂದಾಗುತ್ತಿತ್ತು. ಆ ಮಾತಿನ ಮೇಲೆ ಮೇಸ್ತ್ರಿ ಒಪ್ಪಿದ.

ಗೋಕುಲ ರಸ್ತೆಯ ಇನ್ನೊಂದು ಗ್ಯಾರೇಜಿಗೆ ಗಾಡಿ ಎಳೆಸಿದೆವು. ಬಿಚ್ಚುವ ಕೂಲಿ ₹6,000, ಮುಂದೆ ಎಂಜಿನ್ ಕೆಲಸವೂ ಅಲ್ಲೇ ಆದರೆ ಅದರಲ್ಲೇ ಹಿಡಿದುಕೊಳ್ಳುವುದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿದೆ. ಇದನ್ನು ಜನ ಮರೆಯುತ್ತಾರೆ. ಗಾಡಿಯ ಮೇಲೆ ಕೆಲಸ ಮಾಡಿದವನಿಗೆ ತನ್ನ ಕೂಲಿ ಬರುವ ತನಕ ಅದನ್ನು ಇಟ್ಟುಕೊಳ್ಳುವ ಹಕ್ಕನ್ನು 1872ರ ಕರಾರು ಕಾಯ್ದೆಯ 170ನೇ ಕಲಮು ಕೊಡುತ್ತದೆ. ಕೂಲಿ ಮೊದಲೇ ಗೊತ್ತು ಮಾಡದಿದ್ದರೆ ಒಂದು ಜಗಳದ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟುತ್ತದೆ. ಚೇಂಬರಿನ ಬೋಲ್ಟುಗಳಿಗೆಲ್ಲ ಬಿಳಿ ಪೇಂಟಿನ ಗುರುತು ಹಾಕಿ, ಬಾನೆಟ್ಟಿಗೆ ಕಾಗದ ಅಂಟಿಸಿ ಇಬ್ಬರ ಸಹಿ ಹಾಕಿಸಿ, ಮೀಟರಿನ ಫೋಟೋ ತೆಗೆದೆ. ಕಚ್ಚಾ ಚೀಟಿಯಲ್ಲಿ ಕಿ.ಮೀ. ಇರಲಿಲ್ಲವಲ್ಲ, ಅದಕ್ಕೆ ಮಾಲೀಕನ ಟ್ರಿಪ್ ಡೈರಿ ಮತ್ತು ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಎರಡನ್ನೂ ಜೋಡಿಸಿ ನೋಡಿದೆ. ಗಬ್ಬೂರು, ನರೇಂದ್ರ, ಹಿರೇಬಾಗೇವಾಡಿ ಟೋಲ್‌ಗಳ ಹೊತ್ತು ಡೈರಿಗೆ ಹೊಂದಿತು. ರಿಪೇರಿಯಿಂದ ನಿಂತಲ್ಲಿಗೆ 640 ಕಿ.ಮೀ. ನಡುವೆ ಬೇರೆ ಯಾರೂ ಎಂಜಿನ್ ಮುಟ್ಟಿರಲಿಲ್ಲ, ಇದನ್ನು ಮೇಸ್ತ್ರಿಯೂ ಒಪ್ಪಿದ.

ಚೇಂಬರ್ ಇಳಿಸಿದ ದಿನ

ಗ್ಯಾರೇಜ್ ಖಾಲಿ ಇರಲಿ ಎಂದು ರವಿವಾರ ಆರಿಸಿಕೊಂಡೆವು. ಮೊದಲು ಆಯಿಲ್ ಇಳಿಸಿದೆವು, ತೊಳೆದು ಒಣಗಿಸಿದ ಡಬ್ಬಿಯ ಬಾಯಿಗೆ ಬಿಳಿ ಧೋತರದ ತುಂಡು ಕಟ್ಟಿ. ಐದೂವರೆ ಲೀಟರ್ ಬಂತು, ಅಳತೆಗೆ ಸರಿ. ಸೋರಿದೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಬಟ್ಟೆಯ ಮೇಲೆ ಹೊಳೆಯುವ ಸಣ್ಣ ಚೂರುಗಳು ನಿಂತವು, ಬೇರಿಂಗಿನ ಲೋಹ. ಎರಡು ಬಾಟಲಿಗೆ ಆಯಿಲ್ ಸ್ಯಾಂಪಲ್ ತುಂಬಿ ಚೀಟಿ ಅಂಟಿಸಿದೆವು. ಫಿಲ್ಟರನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಲು ಹೊರಟ ಹುಡುಗನನ್ನು ತಡೆದೆ. ಬ್ಲೇಡಿನ ಪುಡಿ ಒಳಗೆ ಬಿದ್ದರೆ ಆಮೇಲೆ ಯಾವುದು ಎಂಜಿನ್ನಿನ ಲೋಹ, ಯಾವುದು ಬ್ಲೇಡಿನದು ಹೇಳಲು ಬರುವುದಿಲ್ಲ. ತಗಡು ಕತ್ತರಿಸುವ ಕಟರ್ ತರಿಸಿ ತೆರೆದೆವು.

ಆಮೇಲೆ ಚೇಂಬರ್. ಒಂದು ಮೂಲೆಯಿಂದ ಮೆಲ್ಲಗೆ ಇಳಿಸಿ ಬೋರಲು ಮಾಡದೆ ಹಾಗೇ ಟೇಬಲ್ಲಿನ ಮೇಲಿಟ್ಟರು. ಮಾಲೀಕ, ಅಳಿಯ, ಮೇಸ್ತ್ರಿ, ನಾನು, ಆ ಗ್ಯಾರೇಜಿನ ಫಿಟ್ಟರ್ ಐವರೂ ಬಗ್ಗಿ ನೋಡಿದೆವು. ಅಂಚಿನ ಉದ್ದಕ್ಕೂ ಕೆಂಪು ಸಿಲಿಕಾನ್ ಒಳಬದಿಗೆ ಹಿಂಡಿ ಬಂದು, ಬೆರಳು ದಪ್ಪದ ಸಾಲಾಗಿ ನಿಂತಿತ್ತು. ಅದರಲ್ಲಿ ನಾಲ್ಕೈದು ಕಡೆ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಫಿಟ್ಟರ್ ಲೈಟನ್ನು ಮೇಲೆ ಎತ್ತಿ ಪಂಪಿನ ಜಾಲರಿಯ ಕಡೆ ಹಿಡಿದ. ಜಾಲರಿಯ ಅರ್ಧಕ್ಕಿಂತ ಹೆಚ್ಚು ಭಾಗ ಕೆಂಪು. ಕಡಲೆಕಾಳಿನಷ್ಟು ತುಂಡುಗಳು, ಶ್ಯಾವಿಗೆ ಎಳೆಯಂಥ ಚೂರುಗಳು ಒಂದರ ಮೇಲೊಂದು ಅಂಟಿ ಕೂತಿದ್ದವು.

ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಕೈ ಚಾಚಿ ಒಂದು ತುಂಡು ತೆಗೆಯಲು ಹೋದ, ಮುಟ್ಟಬೇಡಿ ಎಂದೆ, ತಕ್ಷಣ ಕೈ ಹಿಂದೆ ತಗೊಂಡ. ಫೋಟೋ ಆದ ಮೇಲೆ ಚಿಮಟಿಗೆಯಿಂದ ಒಂದೊಂದೇ ತುಂಡು ಬಿಡಿಸಿ, ದೊಡ್ಡ ಎರಡು ತುಂಡುಗಳನ್ನು ಅಂಚಿನ ಖಾಲಿ ಜಾಗಗಳಿಗೆ ಹಿಡಿದು ನೋಡಿದೆವು. ಹರಿದ ಗೆರೆಗೆ ಗೆರೆ ಕೂಡಿತು. ಹಳೆಯ ಪ್ಯಾಕಿಂಗಿನ ಪೇಸ್ಟ್ ಕಪ್ಪು ಬಣ್ಣದ್ದು, ಅದರ ಕಲೆ ಬ್ಲಾಕಿನ ಒಂದು ಮೂಲೆಯಲ್ಲಿ ಇನ್ನೂ ಉಳಿದಿತ್ತು. ಜಾಲರಿಯಲ್ಲಿ ಕಪ್ಪು ತುಂಡು ಒಂದೂ ಇರಲಿಲ್ಲ. ಹಾಗಾಗಿ ಇದು ಹಿಂದಿನ ಯಾವುದೋ ಕೆಲಸದ ಕಸ ಎನ್ನಲು ದಾರಿಯೇ ಇರಲಿಲ್ಲ.

ಕ್ರ್ಯಾಂಕ್ ಇಳಿಸಿದಾಗ ಮೂರನೆಯ ಕನೆಕ್ಟಿಂಗ್ ರಾಡಿನ ಬೇರಿಂಗ್ ಕರಗಿ ತಿರುಗಿ ನೀಲಿ ಕಟ್ಟಿತ್ತು. ಉಳಿದ ಬೇರಿಂಗುಗಳಲ್ಲಿ ಗೀರು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಶಾಫ್ಟ್ ಕೈಯಲ್ಲಿ ಹಿಡಿದರೆ ಅಲುಗಾಡುತ್ತಿತ್ತು, ಅದಕ್ಕೂ ಇದೇ ಆಯಿಲ್ ಹೋಗಬೇಕಲ್ಲ.

ಮೇಸ್ತ್ರಿ ಹೊರಗೆ ಹೋಗಿ ಕಲ್ಲಿನ ಮೇಲೆ ಕೂತ. ನಾನೂ ಹೋಗಿ ಪಕ್ಕಕ್ಕೆ ಕೂತೆ. ನನಗೆ ಇನ್ನೊಂದು ಪ್ರಶ್ನೆ ಉಳಿದಿತ್ತು, ಕಿತ್ತೂರಿನ ಫೋನಿನದು. ಅಳಿಯ ಹೇಳುವ ಪ್ರಕಾರ ಅವನು "ಕಾಕಾ, ಆಯಿಲ್ ಲೈಟ್ ಹತ್ತೇತ್ರಿ, ಏನ್ ಮಾಡ್ಲಿ?" ಎಂದು ಕೇಳಿದ್ದ, ಮೇಸ್ತ್ರಿ ಬಾ ಅಂದಿದ್ದ. ಕಾಲ್ ಲಿಸ್ಟಿನಲ್ಲಿ ಕಾಣುವುದು ಎರಡು ನಿಮಿಷದ ಮಾತು ಅಷ್ಟೆ, ಏನು ಮಾತು ಎಂದು ಕಾಣುವುದಿಲ್ಲ. ಮೇಸ್ತ್ರಿ ಇಲ್ಲ ಎಂದಿದ್ದರೆ ಕೆಂಪು ಲೈಟು ನೋಡಿಯೂ ಹತ್ತಾರು ಕಿ.ಮೀ. ಓಡಿಸಿದ ತಪ್ಪು ಪೂರ್ತಿ ಅಳಿಯನ ತಲೆಗೆ ಬರುತ್ತಿತ್ತು. ಅವನು ಇಲ್ಲ ಎನ್ನಲಿಲ್ಲ. "ಹೌದ್ರಿ, ನಾನ ಹೇಳೇನಿ. ಸುಳ್ಳ ಯಾಕ ಹೇಳ್ಲಿ? ಆಯಿಲ್ ಐತಿ ಅಂದ, ಫೋಟೋ ಕಳಿಸಿದ. ಲೈಟಿನ ಸ್ವಿಚ್ ಕೆಟ್ಟಿರಬೇಕು, ಮೆಲ್ಲಕ ಹೊಡಕೊಂಡು ಹೋಗು ಅಂದೆ." ಈ ಮಾತನ್ನು ಮಾಲೀಕನ ಎದುರೂ ಹೇಳಿದ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಮೂಡಿದ್ದು ಆ ಹೊತ್ತಿನಲ್ಲಿ. ಅದಾದ ಮೇಲೆ ಮಾಲೀಕನ ದನಿಯೂ ಇಳಿಯಿತು. ಅಲ್ಲಿಯವರೆಗೆ "ಅಂವ" ಎನ್ನುತ್ತಿದ್ದವನು ಮತ್ತೆ "ಅಣ್ಣಾವ್ರು" ಎನ್ನಲು ಶುರು ಮಾಡಿದ.

ಆಯೋಗಕ್ಕೆ ಹೋದರೆ

ಕಾರಣ ಸಿಕ್ಕಿತು ಎಂದ ಕೂಡಲೇ ದುಡ್ಡು ಬರುವುದಿಲ್ಲ. ಮಾಲೀಕ ₹2 ಲಕ್ಷಕ್ಕೆ ಕಡಿಮೆ ಆದರೆ ಧಾರವಾಡದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇನೆ ಎಂದ. ಹೋಗಬಹುದಿತ್ತು. ಅವನ ವಕೀಲರ ಜೊತೆ ಕೂತು ಬಲ ಎಲ್ಲಿ, ಬಲಹೀನ ಎಲ್ಲಿ ಎಂದು ನೋಡಿದೆವು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ಯಾರೇಜ್ ಕೆಲಸ ಒಂದು ಸೇವೆ, ಅದರಲ್ಲಿ ಕೊರತೆಯಾದರೆ ದೂರು ನಿಲ್ಲುತ್ತದೆ. ಅಹವಾಲು ಯಾವ ಆಯೋಗಕ್ಕೆ ಎಂದು ನಿರ್ಧಾರವಾಗುವುದು ಸೇವೆಗೆ ಕೊಟ್ಟ ಹಣದ ಮೇಲೆ, ಇಲ್ಲಿ ಅದು ₹6,800. ₹5 ಲಕ್ಷದವರೆಗೆ ಶುಲ್ಕವೂ ಇಲ್ಲ. ಗಾಡಿ ದಂಧೆಗೆ ಬಳಸುವುದಲ್ಲವೇ, ಹಾಗಾದರೆ ಅವನು ಗ್ರಾಹಕನೇ ಅಲ್ಲ ಎಂಬ ಆಕ್ಷೇಪ ಬರುವುದು ಖಂಡಿತ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಬಳಸಿದರೆ ಅದು ವಾಣಿಜ್ಯ ಉದ್ದೇಶ ಅಲ್ಲ ಎಂದು ಕಾಯ್ದೆಯ ವಿವರಣೆ ಹೇಳುತ್ತದೆ. 1995ರ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಟೋ, ಟ್ರಕ್ಕಿನ ಉದಾಹರಣೆ ಕೊಟ್ಟೇ ಇದನ್ನು ಬಿಡಿಸಿ ಹೇಳಿದೆ, ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಗ್ರಾಹಕತನ ಹೋಗುವುದಿಲ್ಲ ಎಂದೂ ಹೇಳಿದೆ. ಅಳಿಯ ರಾತ್ರಿ ಓಡಿಸುತ್ತಾನೆ ಎಂಬುದು ಹಾಗಾಗಿ ತೊಡಕಾಗುತ್ತಿರಲಿಲ್ಲ. ಬಿಲ್ ಕೊಡದಿರುವುದು ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ, ಕಚ್ಚಾ ಚೀಟಿ ಗ್ಯಾರೇಜಿಗೆ ಮುಳುವಾಗುತ್ತಿತ್ತು. ಕೆಲಸ ಆದದ್ದಕ್ಕೆ ಫೋನ್‌ಪೇ ದಾಖಲೆ, ವಾಟ್ಸಾಪ್ ಇದ್ದವು. ವಾಟ್ಸಾಪ್ ಮಾತುಕತೆಯನ್ನು ಸ್ಕ್ರೀನ್‌ಶಾಟ್ ತೆಗೆದು ಅಳಿಸಿಬಿಡುವವರಿದ್ದಾರೆ. ಮೂಲ ಫೋನಿನಲ್ಲಿ ಅದು ಹಾಗೇ ಇರಬೇಕು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ.

ಸೇವೆಯಲ್ಲಿ ಕೊರತೆ ಇತ್ತು ಎಂದು ತೋರಿಸುವ ಹೊಣೆ ದೂರು ಕೊಟ್ಟವನದು. "ಮೊನ್ನೆ ರಿಪೇರಿ, ಇವತ್ತು ಸೀಜ್" ಎಂಬ ಹೊಂದಾಣಿಕೆ ಒಂದೇ ಸಾಲುತ್ತಿರಲಿಲ್ಲ. ಜಾಲರಿ, ಹೊಂದಿದ ತುಂಡು, ವಿಡಿಯೋ ಇದ್ದದ್ದರಿಂದ ಆ ಭಾರ ಹೊರಬಹುದಿತ್ತು.

ಬಲಹೀನ ಇದ್ದದ್ದು ದಿನದ ದುಡಿಮೆಯ ಲೆಕ್ಕದಲ್ಲಿ. ದಿನಕ್ಕೆ ₹2,500ರಂತೆ 45 ದಿನಕ್ಕೆ ₹1,12,500 ಬೇಕು ಎಂದು ಮಾಲೀಕನ ಪಟ್ಟು. ಡೈರಿಯಲ್ಲಿ ಟ್ರಿಪ್ ಇದ್ದವು, ಬಾಡಿಗೆ ಎಷ್ಟು ಬಂತು, ಡೀಸೆಲ್ಲಿಗೆ ಎಷ್ಟು ಹೋಯಿತು ಎಂದು ಇರಲಿಲ್ಲ. ಅದೂ ಅಲ್ಲದೆ ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆ, ನಷ್ಟವನ್ನು ತಗ್ಗಿಸಲು ಕೈಲಿದ್ದ ದಾರಿಯನ್ನೂ ಗಣನೆಗೆ ತಗೊಳ್ಳಬೇಕು ಎನ್ನುತ್ತದೆ. ಬಾಡಿಗೆ ಗಾಡಿ ತಗೊಂಡು ದಂಧೆ ನಡೆಸಬಹುದಿತ್ತಲ್ಲ ಎಂದು ಕೇಳಿದರೆ ಅವನ ಹತ್ತಿರ ಉತ್ತರ ಇರಲಿಲ್ಲ. ಸಣ್ಣ ದಂಧೆಯವರು ಆದಾಯ-ಖರ್ಚು ಎರಡನ್ನೂ ದಿನಾ ಒಂದು ಸಾಲು ಬರೆದಿಟ್ಟುಕೊಂಡಿದ್ದರೆ ಇಂಥ ಹೊತ್ತಿನಲ್ಲಿ ಎಷ್ಟು ನೆರವಾಗುತ್ತದೆ ಎಂದು ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಲೆಕ್ಕ

ಎಂಜಿನ್ ಪೂರ್ತಿ ಮಾಡಲು ಗೋಕುಲ ರಸ್ತೆಯ ಗ್ಯಾರೇಜ್ ಕೊಟ್ಟ ಅಂದಾಜು ₹1,42,000. ಅದನ್ನು ನಾನು ಎರಡು ರಾಶಿ ಮಾಡಿದೆ. ಆಯಿಲ್ ಸಿಗದೆ ಕೆಟ್ಟದ್ದು: ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಸೆಟ್, ಒಂದು ರಾಡು, ಆಯಿಲ್ ಪಂಪ್, ಟರ್ಬೋದ ಒಳಭಾಗ, ಪ್ಯಾಕಿಂಗ್ ಸೆಟ್, ಕೂಲಿ, ಎಲ್ಲ ಸೇರಿ ₹98,000. ಹೆಡ್ಡಿನ ವಾಲ್ವ್ ಕೆಲಸ, ಇಂಜೆಕ್ಟರ್, ನಾಲ್ಕೂ ಪಿಸ್ಟನ್-ರಿಂಗ್ ₹44,000. ಇವು ವಯಸ್ಸಿನ ಸವೆತ, ಹೇಗೂ ಬಿಚ್ಚಿದೆ ಎಂದು ಸೇರಿಸಿದ್ದು. ಈ ಎರಡನೆಯ ರಾಶಿಯನ್ನು ಗ್ಯಾರೇಜಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ ಎಂದು ಮಾಲೀಕನಿಗೆ ನೇರವಾಗಿ ಹೇಳಿದೆ, ಒಪ್ಪಿದ.

₹98,000ಕ್ಕೆ ಟೋಯಿಂಗ್ ₹5,500, ಲೋಡ್ ಬದಲಾವಣೆ ₹4,200 ಸೇರಿ ₹1,07,700. ಇದರಲ್ಲಿ ಬಿಡಿಭಾಗಗಳ ಪಾಲು ₹62,000. ಹಳೆಯ ಭಾಗ ಹೋಗಿ ಹೊಸದು ಬರುತ್ತದೆ, ಅಷ್ಟರ ಮಟ್ಟಿಗೆ ಮಾಲೀಕನಿಗೆ ಲಾಭವೇ. ವಿಮೆ ಲೆಕ್ಕದಲ್ಲಾದರೆ 5ರಿಂದ 10 ವರ್ಷದ ಗಾಡಿಯ ಲೋಹದ ಭಾಗಕ್ಕೆ ನಾವು ಶೇ 40 ಕಡಿಯುತ್ತೇವೆ. ಮಾಲೀಕ ಅದಕ್ಕೆ ಸಿಡಿದ. "ಹಳೇದಾದ್ರ ಏನಾತ್ರಿ, ಓಡತಿತ್ತಲ್ರಿ! ನಾ ಏನ್ ಹೊಸಾದ ಕೇಳಿದ್ನೇನ್ರಿ?" ಅವನ ಮಾತಿನಲ್ಲಿ ತೂಕ ಇತ್ತು. ಅದು ವಿಮೆಯ ಕೋಷ್ಟಕ, ಇಲ್ಲಿ ಕಡ್ಡಾಯ ಅಲ್ಲ. ಮೂರರಲ್ಲಿ ಒಂದು ಪಾಲು ಕಡಿಯೋಣ ಎಂದೆ. ಹತ್ತಿರ ಹತ್ತಿರ ₹20,700 ಹೋಗಿ ₹87,000 ಉಳಿಯಿತು.

ಇನ್ನುಳಿದದ್ದು ಅವಸರ ಮತ್ತು ಕೆಂಪು ಲೈಟು. ನಾಲ್ಕು ತಾಸಿನಲ್ಲಿ ಗಾಡಿ ಕೇಳಿದ್ದು ಮಾಲೀಕ. ಆದರೆ ಇಷ್ಟು ಹೊತ್ತಿನಲ್ಲಿ ಆಗುವುದಿಲ್ಲ ಎಂದು ಹೇಳಬೇಕಾದವನು ಕೆಲಸ ಬಲ್ಲವನು. ಒಳಗೆ ಹಿಂಡಿದ ಪೇಸ್ಟ್ ಒಂದು ದಿನ ಒಣಗಿದ್ದರೂ ಅಷ್ಟು ದಪ್ಪ ಇದ್ದಾಗ ಒಂದಲ್ಲ ಒಂದು ದಿನ ಹರಿಯುತ್ತಿತ್ತು. ಹಚ್ಚಿದ್ದು ಕಲಿಯುವ ಹುಡುಗ ಎಂಬುದು ಗಿರಾಕಿಯ ಮಟ್ಟಿಗೆ ಉತ್ತರವಾಗುವುದಿಲ್ಲ, ಅಂಗಡಿ ಮೇಸ್ತ್ರಿಯದು. ಲೈಟು ಹತ್ತಿದ ಮೇಲೂ ಓಡಿಸಿದ್ದರಿಂದ ಹಾನಿ ಹೆಚ್ಚಿದ್ದು ನಿಜ. ಕಿತ್ತೂರಿನಲ್ಲೇ ನಿಲ್ಲಿಸಿ ಟೋಯಿಂಗ್ ಕರೆಸಿದ್ದರೆ ಬಹುಶಃ ಚೇಂಬರ್ ಇಳಿಸಿ ಜಾಲರಿ ತೊಳೆದು ಬೇರಿಂಗ್ ಬದಲಿಸುವಲ್ಲಿಗೆ ಮುಗಿಯುತ್ತಿತ್ತು. ಆದರೆ ಅಳಿಯ ನಿಲ್ಲಿಸಿದ್ದ, ನೋಡಿದ್ದ, ಬಲ್ಲವರನ್ನು ಕೇಳಿದ್ದ. ಹಾಗಾಗಿ ಈ ಬಾಬಿಗೆ ₹12,000ಕ್ಕಿಂತ ಹೆಚ್ಚು ಕಡಿಯುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ ಬರೆದೆ.

₹75,000. ಮೇಸ್ತ್ರಿ ಮೊದಲು ₹50,000 ಮತ್ತು ತಾನೇ ಕೂಲಿ ಇಲ್ಲದೆ ಎಂಜಿನ್ ಕಟ್ಟಿಕೊಡುತ್ತೇನೆ ಎಂದ. ಮಾಲೀಕನಿಗೆ ಮನಸ್ಸಿರಲಿಲ್ಲ, ಬಿಚ್ಚಿದ್ದು ಒಂದು ಕಡೆ ಕಟ್ಟುವುದು ಇನ್ನೊಂದು ಕಡೆ ಆದರೆ ಮುಂದೆ ಹೊಣೆ ಯಾರದು ಎಂದು ಮತ್ತೆ ಗೊಂದಲವಾಗುತ್ತದೆ ಎಂದು ನಾನೂ ಬೇಡ ಎಂದೆ. ದುಡಿಮೆಯ ನಷ್ಟದ ಬೇಡಿಕೆಯನ್ನು ಮಾಲೀಕ ಬಿಟ್ಟ. ಬಿಡುವಾಗ ಅವನಿಗೆ ಬಹಳ ಕಷ್ಟವಾಯಿತು, ಆ ತಿಂಗಳ ಗಾಡಿಯ ಕಂತನ್ನು ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ್ದ.

ಒಪ್ಪಂದ

ವಕೀಲರ ಆಫೀಸಿನಲ್ಲಿ ಒಪ್ಪಂದ ಪತ್ರ ಆಯಿತು. ₹30,000 ಅಂದೇ ಬ್ಯಾಂಕಿಗೆ, ಉಳಿದದ್ದಕ್ಕೆ ತಿಂಗಳಿಗೊಂದರಂತೆ ₹15,000ದ ಮೂರು ಚೆಕ್. ಕಾರಣ ಏನು, ಯಾವ ಹಾನಿಗೆ ಎಷ್ಟು, ಹಣ ಪೂರ್ತಿ ಬಂದ ಮೇಲೆ ಮಾತ್ರ ತಕರಾರು ಮುಗಿದಂತೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿದೆವು. ಕೊನೆಯ ಈ ಸಾಲಿಗೆ ನಾನು ಹಟ ಹಿಡಿದೆ. "ಇನ್ನು ಯಾವ ತಕರಾರೂ ಇಲ್ಲ" ಎಂದು ಮೊದಲೇ ಸಹಿ ಹಾಕಿಕೊಟ್ಟು ಕೊನೆಯ ಕಂತಿಗೆ ಬಾಗಿಲು ಬಡಿಯುತ್ತ ತಿರುಗಿದವರನ್ನು ನಾನು ಕಂಡಿದ್ದೇನೆ. ಜಾಲರಿ, ಸಿಲಿಕಾನ್ ತುಂಡುಗಳ ಬಾಟಲಿ, ಸುಟ್ಟ ಬೇರಿಂಗ್, ಎರಡು ಆಯಿಲ್ ಸ್ಯಾಂಪಲ್ ಅಲ್ಲಿಯ ತನಕ ನನ್ನ ಕಪಾಟಿನಲ್ಲಿರಬೇಕು ಎಂದೂ ಬರೆದೆವು.

ಎಂಜಿನ್ ಕಟ್ಟಲು 31 ದಿನ ಹಿಡಿಯಿತು. ಮೊದಲೆರಡು ಚೆಕ್ ಸರಿಯಾಗಿ ಪಾಸಾದವು. ಮೂರನೆಯದಕ್ಕೆ ಮೇಸ್ತ್ರಿ ತಾನೇ ಫೋನ್ ಮಾಡಿ, ಮಗಳ ಕಾಲೇಜಿನ ಫೀ ಕಟ್ಟಬೇಕಾಗಿದೆ, ಎರಡು ತಿಂಗಳು ಬಿಟ್ಟು ಹಾಕಿ ಎಂದು ಕೇಳಿದ. ಚೆಕ್ಕಿಗೆ ಬರೆದ ತಾರೀಖಿನಿಂದ ಮೂರು ತಿಂಗಳಷ್ಟೇ ಆಯುಷ್ಯ, ಅದು ಮೀರದಂತೆ ನೋಡಿಕೊಳ್ಳಿ ಎಂದು ಮಾಲೀಕನಿಗೆ ಹೇಳಿದೆ. ಅವನು ಎರಡು ತಿಂಗಳು ಕಾದ. ಅದು ಪಾಸಾದ ಮರುದಿನ ಇಬ್ಬರೂ ಒಟ್ಟಿಗೆ ನನ್ನ ಆಫೀಸಿಗೆ ಬಂದು ಪತ್ರದ ಕೆಳಗೆ "ಹಣ ಪೂರ್ತಿ ಬಂದಿದೆ" ಎಂದು ಬರೆದು ಸಹಿ ಹಾಕಿದರು. ಕಪಾಟಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಮಾಲೀಕ ಬೇಡ ಎಂದ. ಮೇಸ್ತ್ರಿ ಕೇಳಿ ಪಡೆದುಕೊಂಡ, ಗ್ಯಾರೇಜಿನ ಹುಡುಗರಿಗೆ ತೋರಿಸಬೇಕು ಎಂದು.